ಆಸಕ್ತಿ ಇಲ್ಲದ ಪೋಷಕ

ನನ್ನ ಮಗಳ ಫೈಲು ಮುಚ್ಚಿದಾಗ ನಾನು ಅದೇ ಕಟ್ಟಡದಲ್ಲಿದ್ದೆ. ಎರಡು ಮಹಡಿ ಕೆಳಗೆ. ಮೊಣಕೈವರೆಗೆ ಸೋಪಿನ ನೀರಲ್ಲಿ. ಅವರದೇ ಬೆಡ್‌ಶೀಟು ಒಗೆಯುತ್ತಿದ್ದೆ.

ಫೈಲಿನ ಮೇಲೆ ಬರೆದರು: ಪೋಷಕರಿಗೆ ಆಸಕ್ತಿ ಇಲ್ಲ.

ಪೋಷಕ ಅಂದರೆ ನಾನು.

ಆಸ್ಪತ್ರೆಗೆ ಬರುವವರು ಯಾರೂ ನಮ್ಮ ಜಾಗ ನೋಡಿರುವುದಿಲ್ಲ. ಲಿಫ್ಟಿನಲ್ಲಿ ಅದಕ್ಕೆ ಗುಂಡಿಯೇ ಇಲ್ಲ. ಹಿಂದಿನ ಮೆಟ್ಟಿಲಿಳಿದು ಬರಬೇಕು. ಪ್ರತಿ ಮಹಡಿಯ ಗೋಡೆಯಲ್ಲೂ ಒಂದು ಕಿಂಡಿ ಇದೆ. ಮೇಲಿನವರು ಅದರೊಳಗೆ ಬಟ್ಟೆ ತಳ್ಳುತ್ತಾರೆ. ಅದು ತಗಡಿನ ಕೊಳವೆಯಲ್ಲಿ ಜಾರಿ ನಮ್ಮ ತಲೆಯ ಹತ್ತಿರ ಬಂದು ಬೀಳುತ್ತದೆ. ಹೆರಿಗೆಯ ಬಟ್ಟೆ, ಹೆಣದ ಕೆಳಗಿನ ಬಟ್ಟೆ, ವಾಂತಿ, ಕೀವು, ಎಲ್ಲ ಒಂದೇ ಗಂಟಿನಲ್ಲಿ. ಒಂದೊಂದನ್ನೂ ಬಿಡಿಸಿ ಕೊಡವಬೇಕು. ಒಳಗೆ ಕತ್ತರಿ ಇರುತ್ತದೆ, ಸೂಜಿ ಇರುತ್ತದೆ. ಒಂದು ಸಲ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತು. ನನ್ನ ಎಡಗೈಗೆ ಇದುವರೆಗೆ ನಾಲ್ಕು ಸಲ ಸೂಜಿ ಚುಚ್ಚಿದೆ. ಹೇಳಿಕೊಂಡರೆ, ಗ್ಲೌಸ್ ಹಾಕಿರಲಿಲ್ಲವಾ ಅಂತ ನಮ್ಮನ್ನೇ ಕೇಳುತ್ತಾರೆ. ಗ್ಲೌಸ್ ಕೊಡುವುದು ತಿಂಗಳಿಗೊಂದು ಜೊತೆ. ಬಾಳುವುದು ಹತ್ತು ದಿನ.

ಒಂದು ಮಷಿನ್ನಿನ ಒದ್ದೆ ಬಟ್ಟೆ ಎಳೆದು ಹಾಕುವುದು ಅಂದರೆ ಒಬ್ಬ ಆಳನ್ನು ಎತ್ತಿ ಇಳಿಸಿದ ಹಾಗೆ. ದಿನಕ್ಕೆ ಅಂಥ ಇಪ್ಪತ್ತು ಆಳು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಉಗುರು ಮೆತ್ತಗಾಗಿ ಕಾಗದದ ಹಾಗೆ ಮಡಚಿಕೊಳ್ಳುತ್ತದೆ. ಹದಿನಾರು ವರ್ಷ ಇದನ್ನು ಮಾಡಿದೆ. ಆಸಕ್ತಿ ಇಲ್ಲದವನು.

ಮಗಳು ಹುಟ್ಟಿದಾಗ ಅವಳ ಅಂಗುಳ ಸೀಳಿತ್ತು. ತುಟಿ ನೆಟ್ಟಗಿತ್ತು, ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಕುಡಿದ ಹಾಲು ಮೂಗಲ್ಲಿ ಬಂದಾಗಲೇ ಗೊತ್ತಾಗಿದ್ದು. ಆಪರೇಷನ್ನಿಗೆ ಹೆಸರು ಬರೆಸಿದೆವು. ಸರದಿ ಬಂದಾಗ ಅವಳಿಗೆ ನಾಲ್ಕು ತುಂಬಿತ್ತು. ಹೊಲಿದರು. ಹಾಲು ಮೂಗಿಗೆ ಬರುವುದು ನಿಂತಿತು. ಮಾತು ಮಾತ್ರ ಮೂಗಿನಿಂದಲೇ ಬಂತು.

ಪ, ಬ ಎರಡೂ ಅವಳ ಬಾಯಲ್ಲಿ ಮ ಆಗುತ್ತವೆ. ಹಾಗಾಗಿ ಅವಳಿಗೆ ನಾನೂ ಅಮ್ಮ, ನನ್ನ ಹೆಂಡತಿಯೂ ಅಮ್ಮ. ಅವಳು ಕೂಗಿದರೆ ಇಬ್ಬರೂ ಓ ಅನ್ನುತ್ತೇವೆ. "ಹೆತ್ತವಳು ನಾನು, ಹೆಸರು ನಿಮಗೆ" ಅಂತ ಹೆಂಡತಿ ನಗುತ್ತಾಳೆ. ಒಂದು ದಿನ ಮಗಳು ನನ್ನ ಬುತ್ತಿ ಕೊಡಲು ಕೆಳಗೆ ಬಂದವಳು ಬಾಗಿಲಲ್ಲೇ ನಿಂತು ಕೂಗಿದಳು. ಅವತ್ತಿನಿಂದ ಲಾಂಡ್ರಿಯಲ್ಲಿ ನನಗೆ ಅದೇ ಹೆಸರು. ಸೂಪರ್‌ವೈಸರ್ ಕೂಡ "ಏ ಅಮ್ಮಾ, ಮೂರನೇ ಮಷಿನ್ ನೋಡು" ಅನ್ನುತ್ತಿದ್ದ. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಓ ಅನ್ನುವುದು ಅಭ್ಯಾಸವಾಯಿತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಅವಳು ಆಡಿದ್ದನ್ನು ನಾನು ಹೇಗೆ ಕೇಳುತ್ತೇನೋ ಹಾಗೇ ಹೇಳುತ್ತೇನೆ. ಮಿಕ್ಕವರಿಗೆ ಹೇಗೆ ಕೇಳುತ್ತದೆ ಅನ್ನುವುದು ಅವರ ಕಿವಿಯ ಪಾಡು.

ಸ್ಕೂಲಲ್ಲಿ ಪಾಠ ಓದಿಸುವಾಗ ಅವಳ ಬೆಂಚಿನವರೆಗೆ ಬಂದ ಸರದಿ ಅವಳನ್ನು ದಾಟಿ ಪಕ್ಕದವಳಿಗೆ ಹೋಗುತ್ತಿತ್ತು. "ನೀನು ಕೂತ್ಕೋಮ್ಮ, ಟೈಮ್ ಆಗುತ್ತೆ." ಆರು ವರ್ಷ ಹೀಗೆ. ಬರೆಯುವುದರಲ್ಲಿ ಅವಳು ಯಾವಾಗಲೂ ಮುಂದು. ಅಂಗಡಿಗೆ ಹೋದರೆ ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು. ಜೊತೆಗೆ ನಾನಿದ್ದರೆ ನಾನೇ ಹೇಳುತ್ತಿದ್ದೆ. ಅವಳು ಬಾಯಿ ಬಿಡುವ ಮೊದಲೇ ಎದುರಿನವರು ನನ್ನ ಮುಖ ನೋಡುತ್ತಿದ್ದರು. ನಾನು ತಡಮಾಡದೆ ಶುರುಮಾಡುತ್ತಿದ್ದೆ. ಅದು ಉಪಕಾರ ಅಂದುಕೊಂಡಿದ್ದೆ.

ಅವಳಿಗೆ ಹದಿಮೂರಾದಾಗ ಮಾತಿನ ಚಿಕಿತ್ಸೆಗೆ ಸರದಿ ಸಿಕ್ಕಿತು. ನಮ್ಮದೇ ಆಸ್ಪತ್ರೆ, ಮೊದಲ ಮಹಡಿ, ಮಕ್ಕಳ ವಿಭಾಗ. ಪ್ರತಿ ಮಂಗಳವಾರ ಹತ್ತೂವರೆಗೆ. ಒಂದು ನಿಯಮ: ಅಪ್ಪನೋ ಅಮ್ಮನೋ ಜೊತೆಗಿರಲೇಬೇಕು. ಅಲ್ಲಿ ಹೇಳಿಕೊಟ್ಟದ್ದನ್ನು ವಾರವಿಡೀ ಮನೆಯಲ್ಲಿ ಮಾಡಿಸಬೇಕು. ಹೆಂಡತಿ ಹೊಲಿಗೆ ಫ್ಯಾಕ್ಟರಿಯಲ್ಲಿದ್ದಾಳೆ. ಎಂಟಕ್ಕೆ ಗೇಟು ಹಾಕಿದರೆ ಸಂಜೆಯವರೆಗೆ ತೆಗೆಯುವುದಿಲ್ಲ. ಹಾಗಾಗಿ ನಾನೇ.

ಸೂಪರ್‌ವೈಸರ್ ಹತ್ತಿರ ಹೋಗಿ ನಿಂತೆ. ಅವನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

"ಅರ್ಧ ಗಂಟೆ ಸಾರ್. ಮೇಲೆ ಹೋಗಿ ಬಂದುಬಿಡ್ತೀನಿ."

"ನಿನ್ನ ಮಗಳು ಮಾತಾಡ್ಲಿ ಅಂತ ಮಷಿನ್ ಬಾಯಿ ಮುಚ್ಕೊಂಡು ಕೂರುತ್ತಾ?"

"ನನ್ನ ಊಟದ ಅರ್ಧ ಗಂಟೇನೇ ಅಲ್ಲಿಗೆ ಹಾಕ್ಕೊಳ್ಳಿ ಸಾರ್."

"ಆಮೇಲೆ ಹಸಿವು ಅಂತ ಬರಬೇಡ."

ಬರಲಿಲ್ಲ. ಮಂಗಳವಾರ ನನಗೆ ಊಟ ಇರಲಿಲ್ಲ.

ಮೊದಲ ದಿನ ಅವಳನ್ನು ಕರೆದುಕೊಂಡು ಹೋದೆ. ನೀಲಿ ಕುರ್ಚಿಗಳ ಸಾಲು. ಗೋಡೆಗೆ ಆನೆ, ಜಿರಾಫೆ. ಮಗಳು ಕೂತಳು. ನಾನೂ ಕೂರಲು ಹೋದೆ. ರಿಸೆಪ್ಷನ್ನಿನ ಹುಡುಗಿ ಎದ್ದು ನಿಂತಳು.

"ಅಲ್ಲಿ ಕೂರಬೇಡಿ. ಲಾಂಡ್ರಿ ಯೂನಿಫಾರ್ಮಲ್ಲಿ ಮಕ್ಕಳ ಜಾಗಕ್ಕೆ ಬರಬಾರದು. ಇನ್ಫೆಕ್ಷನ್."

ಅವಳ ಹಿಂದಿನ ಕಿಟಕಿಯ ಪರದೆ ಹಿಂದಿನ ಗುರುವಾರ ನಾನೇ ಒಗೆದಿದ್ದೆ. ಚಪ್ಪಲಿ ಬಿಡುವ ಮೂಲೆಗೆ ಹೋಗಿ ಗೋಡೆಗೊರಗಿ ನಿಂತೆ. ಒಬ್ಬ ತಾಯಿ ತನ್ನ ಮಗುವನ್ನು ಈ ಪಕ್ಕದ ತೊಡೆಯಿಂದ ಆ ಪಕ್ಕದ ತೊಡೆಗೆ ಬದಲಾಯಿಸಿಕೊಂಡಳು. ಮಗಳು ಎಲ್ಲ ನೋಡಿದಳು. ಆಮೇಲೆ ಅವಳೂ ಕುರ್ಚಿ ಬಿಟ್ಟು ಬಂದು ನನ್ನ ಪಕ್ಕ ನಿಂತಳು.

ಮಾತು ಕಲಿಸುವ ಮೇಡಂ ಚಿಕ್ಕ ವಯಸ್ಸಿನವರು, ಓಡಾಡುವುದು ಬಿರುಸು. ನನ್ನ ಯೂನಿಫಾರ್ಮ್ ನೋಡಿದರೋ ಇಲ್ಲವೋ, ಒಂದು ಸ್ಟೂಲು ಎಳೆದು ಹಾಕಿದರು. "ನೀವು ದೂರ ನಿಂತರೆ ಆಗಲ್ಲ. ಮನೆಯಲ್ಲಿ ಮೇಷ್ಟ್ರು ನೀವೇ." ಒಂದು ಚಿಕ್ಕ ಕನ್ನಡಿ ತೆಗೆದು ಮಗಳ ಮೂಗಿನ ಕೆಳಗೆ ಹಿಡಿದರು. ಮ ಅಂದರೆ ಕನ್ನಡಿ ಮಬ್ಬಾಗಬೇಕು. ಪ ಅಂದರೆ ಆಗಬಾರದು. ಮಗಳು ಪ ಅಂದಳು. ಕನ್ನಡಿ ಪೂರ್ತಿ ಮಬ್ಬಾಯಿತು.

ಆಮೇಲೆ ಒಂದು ಸಣ್ಣ ರಬ್ಬರ್ ಕೊಳವೆ. ಒಂದು ತುದಿ ಅವಳ ಮೂಗಿನ ಹೊಳ್ಳೆಗೆ, ಇನ್ನೊಂದು ತುದಿ ನನ್ನ ಕಿವಿಗೆ.

"ಏನು ಕೇಳಿಸ್ತು?"

"ಸೋರ್ತಿದೆ ಮೇಡಂ. ಸ್ಟೀಮ್ ಪೈಪಿನ ವಾಲ್ವು ಸರಿಯಾಗಿ ಕೂತಿಲ್ಲ ಅಂದ್ರೆ ಹೀಗೇ ಸದ್ದು ಬರುತ್ತೆ."

ಅವರು ನನ್ನನ್ನೇ ನೋಡಿದರು. "ಅಷ್ಟೇ ವಿಷಯ. ಬಾಯೊಳಗೆ ಹಿಂದುಗಡೆ ಒಂದು ವಾಲ್ವ್ ಇದೆ. ಪ, ಬ, ತ, ಕ ಅನ್ನುವಾಗ ಅದು ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು. ಇವಳದು ಹೊಲಿಗೆ ಆದಮೇಲೂ ಗಿಡ್ಡ ಉಳಿದಿದೆ. ಕಲಿಸಿದರೆ ಎಷ್ಟು ಮುಚ್ಚುತ್ತೋ ನೋಡೋಣ. ಆರು ತಿಂಗಳು ಇಲ್ಲಿಗೆ ಬಂದ ದಾಖಲೆ ಇದ್ದರೆ ಸರ್ಜನ್ ಎರಡನೇ ಆಪರೇಷನ್ನಿಗೆ ನೋಡ್ತಾರೆ. ಹದಿನಾಲ್ಕು ತುಂಬೋದರೊಳಗೆ ಆಗಬೇಕು. ತುಂಬಿದರೆ ಮಕ್ಕಳ ವಿಭಾಗದಿಂದ ಹೆಸರು ಹೋಗುತ್ತೆ. ದೊಡ್ಡವರ ಕಡೆ ಇದಕ್ಕೆ ಯಾರೂ ಇಲ್ಲ."

ಅವಳಿಗೆ ಹದಿನಾಲ್ಕು ತುಂಬಲು ಹನ್ನೊಂದು ತಿಂಗಳಿತ್ತು.

ಏಳು ವಾರ ತಪ್ಪಿಸಲಿಲ್ಲ. ಮನೆಯಲ್ಲಿ ಸಂಜೆ ಹೆಂಡತಿಯ ಕುಂಕುಮದ ಡಬ್ಬಿಯ ಕನ್ನಡಿ ಹಿಡಿದು ಕೂರುತ್ತಿದ್ದೆವು. ತುಟಿಯ ಮುಂದೆ ಒಂದು ಕಾಗದದ ಚೂರು. ಪ ಸರಿಯಾಗಿ ಬಂದರೆ ಚೂರು ಹಾರಬೇಕು. ಐದನೇ ವಾರ ಹಾರಿತು. ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. ಮಗಳು ಇನ್ನೊಂದು ಸಲ ಹಾರಿಸಿದಳು. ಅವತ್ತು ಮನೆ ತುಂಬ ಪ, ಪ, ಪ. ಪಕ್ಕದ ಮನೆಯವರು ಏನು ಹಾರ್ನು ಅಂತ ಕೇಳಿದರು. ಅಪ್ಪ ಅನ್ನು ಅಂತ ನಾನು ಕೇಳಲಿಲ್ಲ. ಅದರಲ್ಲಿ ಒತ್ತಕ್ಷರ ಇದೆ, ಕಷ್ಟದ್ದು, ಕೊನೆಗೆ ಹಿಡಿಯೋಣ ಅಂದಿದ್ದರು ಮೇಡಂ.

ಎಂಟನೇ ಮಂಗಳವಾರ ಮೇಲೆ ಎರಡು ವಾರ್ಡಿಗೆ ಬಣ್ಣ ಹೊಡೆಯುತ್ತಿದ್ದರು. ಬಟ್ಟೆ ಎರಡರಷ್ಟು ಬಿತ್ತು. "ಇವತ್ತು ಆಗಲ್ಲ" ಅಂದ ಸೂಪರ್‌ವೈಸರ್. ಒಂಬತ್ತನೆಯದಕ್ಕೆ ಕೊಳವೆಯಲ್ಲಿ ಗಂಟು ಸಿಕ್ಕಿಹಾಕಿಕೊಂಡಿತು. ಅದರೊಳಗೆ ಸೊಂಟದವರೆಗೆ ತೂರಿ ಎಳೆಯಲು ಸಣಕಲು ಮೈಯವನು ನಾನೊಬ್ಬನೇ. ಹೊರಗೆ ಬಂದಾಗ ಹನ್ನೊಂದೂಕಾಲು. ಹತ್ತನೇ ಮಂಗಳವಾರ ನಾನು ಹೇಳದೆ ಕೇಳದೆ ಹೊರಟೇಬಿಟ್ಟೆ. ಅವನು ಮೆಟ್ಟಿಲ ಬಾಗಿಲಲ್ಲಿ ಅಡ್ಡ ಕೈ ಇಟ್ಟ.

"ಮೇಲೆ ಹೋದರೆ ಹಾಗೇ ಮನೆಗೆ ಹೋಗು."

ನಾನು ವಾಪಸ್ ಬಂದೆ. ಇದನ್ನು ಮುಚ್ಚಿಡುವುದಿಲ್ಲ. ಮಗಳು ಮೇಲೆ ಕಾಯುತ್ತಿದ್ದಾಳೆ ಅಂತ ಗೊತ್ತಿದ್ದೂ ವಾಪಸ್ ಬಂದು ಮಷಿನ್ನಿನ ಬಾಗಿಲು ತೆಗೆದೆ.

ಆ ಮೂರು ದಿನವೂ ಅವಳು ಒಬ್ಬಳೇ ಬಂದು, ಹತ್ತೂವರೆಯಿಂದ ಹನ್ನೊಂದರವರೆಗೆ ಆ ಚಪ್ಪಲಿಯ ಮೂಲೆಯಲ್ಲಿ ನಿಂತು, ಆಮೇಲೆ ಸ್ಕೂಲಿಗೆ ಹೋಗಿದ್ದಳು. ಮೇಡಂ ಒಳಗೆ ಕರೆಯಲು ಬಂದರೆ ವಿಭಾಗ ನೋಡಿಕೊಳ್ಳುವ ದೊಡ್ಡ ಮೇಡಂ ಬಿಡಲಿಲ್ಲವಂತೆ. ಪೋಷಕರಿಲ್ಲದೆ ಮಗುವನ್ನು ಒಳಗೆ ಬಿಡುವ ಹಾಗಿಲ್ಲ.

ಹನ್ನೊಂದನೇ ಮಂಗಳವಾರ ಅವಳು ಹಿಂದಿನ ಮೆಟ್ಟಿಲಿಳಿದು ನಮ್ಮಲ್ಲಿಗೇ ಬಂದಳು. ಕೈಯಲ್ಲಿ ಮೇಲೆ ಕೊಟ್ಟ ಒಂದು ಕಾಗದ. ನನ್ನ ಕನ್ನಡಕಕ್ಕೆ ಹಬೆ ಹಿಡಿದಿತ್ತು. "ಓದು" ಅಂದೆ.

ಮಷಿನ್ನುಗಳ ಗದ್ದಲಕ್ಕೆ ಕೇಳಿಸಲಿಲ್ಲ. ಅವಳು ಗಂಟಲು ಎತ್ತರಿಸಿದಳು. ಆಗಲೂ ಕೇಳಿಸಲಿಲ್ಲ. ಮಷಿನ್ ನೋಡಿಕೊಳ್ಳುವವನನ್ನು ನಾವು ಬಾಯ್ಲರ್ ಅನ್ನುತ್ತೇವೆ, ಯಾವಾಗಲೂ ಕುದಿಯುತ್ತಿರುತ್ತಾನೆ ಅಂತ. ಅವನು ಹೋಗಿ ಮಷಿನ್ನುಗಳನ್ನು ಒಂದೊಂದಾಗಿ ನಿಲ್ಲಿಸಿದ. ಹದಿನಾರು ವರ್ಷದಲ್ಲಿ ಹಗಲು ಹೊತ್ತು ಆ ಜಾಗ ಸುಮ್ಮನಾದದ್ದು ನಾನು ಕಂಡಿರಲಿಲ್ಲ. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.

ಮಗಳು ಓದಿದಳು. "ಸತತ ಮೂರು ಬಾರಿ ಗೈರುಹಾಜರಿ. ಪೋಷಕರಿಗೆ ಆಸಕ್ತಿ ಇಲ್ಲ. ಫೈಲು ಮುಚ್ಚಲಾಗಿದೆ. ಮತ್ತೆ ಚಿಕಿತ್ಸೆ ಬೇಕಿದ್ದಲ್ಲಿ ಹೊಸದಾಗಿ ಅರ್ಜಿ ಸಲ್ಲಿಸುವುದು. ಕಾಯುವ ಅವಧಿ ಹದಿನಾಲ್ಕು ತಿಂಗಳು."

"ಯಾರಿಗೆ ಆಸಕ್ತಿ ಇಲ್ಲ?" ಬಾಯ್ಲರ್ ಕೇಳಿದ. "ಏನದು, ಮೋಸಗಾರರಿಗೆ ಅಂತ ಇದೆಯಾ?" ಅವಳ ಪೋಷಕ ಅವನ ಕಿವಿಗೆ ಮೋಷಕ ಆಗಿತ್ತು.

ಬಟ್ಟೆಗೆ ದೊಡ್ಡ ರೋಲರಲ್ಲಿ ಇಸ್ತ್ರಿ ಹಾಕುವ ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳಿಗೆ ಅರವತ್ತರ ಹತ್ತಿರ. ಎರಡೂ ಮುಂಗೈ ಮೇಲೆ ಸುಟ್ಟ ಗೆರೆಗಳು. "ಹ್ಞೂಂ, ಮೋಸಾನೇ. ಹುಡುಗಿ ಸರಿಯಾಗೇ ಓದಿದಾಳೆ."

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಒಂಬತ್ತು ತಿಂಗಳಿಗೆ ಮಗಳಿಗೆ ಹದಿನಾಲ್ಕು ತುಂಬುತ್ತದೆ. ಸರದಿ ಬರುವುದು ಹದಿನಾಲ್ಕು ತಿಂಗಳಿಗೆ. ಕಾಗದ ಬರೆದವರಿಗೆ ಈ ಲೆಕ್ಕ ಗೊತ್ತಿತ್ತು. ಅಥವಾ ಗೊತ್ತಿರಲಿಲ್ಲ. ಯಾವುದು ಕೆಟ್ಟದ್ದು ಅಂತ ಈಗಲೂ ನನಗೆ ತಿಳಿಯದು.

"ನಡಿ" ಅಂದೆ.

ಸೂಪರ್‌ವೈಸರ್ ಮೆಟ್ಟಿಲ ಬಾಗಿಲಿಗೆ ಬಂದ. "ಎಲ್ಲಿಗೆ? ಏ ಅಮ್ಮಾ, ನಿನ್ನನ್ನೇ ಕೇಳ್ತಿರೋದು."

"ಮೇಲಕ್ಕೆ."

"ಅವತ್ತು ಹೇಳಿದ್ದು ನೆನಪಿದೆ ತಾನೆ?"

"ಇದೆ" ಅಂದೆ. ಅವನ ಕೈಯ ಕೆಳಗೆ ಬಗ್ಗಿ ಮಗಳು ಮೊದಲು ದಾಟಿದಳು. ಅವಳ ಹಿಂದೆ ನಾನು ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದೆ. ಗಟ್ಟಿ ಕೈಯೇನಲ್ಲ ಅದು. ಇಷ್ಟು ದಿನ ಮುಟ್ಟಿ ನೋಡಿರಲಿಲ್ಲ.

ರಬ್ಬರ್ ಬೂಟಿನಲ್ಲಿ, ಒದ್ದೆ ಯೂನಿಫಾರ್ಮಿನಲ್ಲಿ ಮಕ್ಕಳ ವಿಭಾಗಕ್ಕೆ ಹೋಗಿ ನೀಲಿ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಮಗಳನ್ನು ಕೂರಿಸಿದೆ.

"ಏಳಿ, ಏಳಿ" ಅಂದಳು ರಿಸೆಪ್ಷನ್ನಿನ ಹುಡುಗಿ.

"ದೊಡ್ಡ ಮೇಡಂನ ಕರೀರಿ. ಅವರು ಬಂದ ಮೇಲೆ ಮಾತಾಡ್ತೀನಿ."

"ಮೊದಲು ಏಳಿ. ಕುರ್ಚಿ ಒದ್ದೆ ಆಗುತ್ತೆ."

"ಒಣಗುತ್ತೆ. ಒಣಗಿಸೋದು ನನ್ನ ಕೆಲಸಾನೇ."

ದೊಡ್ಡ ಮೇಡಂ ಬಂದರು. ಕುತ್ತಿಗೆಯಲ್ಲಿ ಕನ್ನಡಕದ ಸರ, ಕೈಯಲ್ಲಿ ನಮ್ಮ ಫೈಲು. ಕೂಗಾಡುವವರಲ್ಲ. ಮೆತ್ತಗೆ ಮಾತಾಡಿದರು. ನನ್ನಂಥವನಿಗೆ ಅದೇ ಕಷ್ಟ.

"ನೋಡಿ, ನನ್ನ ಹತ್ತಿರ ಎಪ್ಪತ್ತು ಮಕ್ಕಳ ಪಟ್ಟಿ ಇದೆ. ಬರೋರಿಗೆ ಜಾಗ ಇಲ್ಲ. ನೀವು ಮೂರು ವಾರ ಬರಲೇ ಇಲ್ಲ. ಆಸಕ್ತಿ ಇದ್ದೋರು ಹೇಗಾದರೂ ಮಾಡ್ಕೊಂಡು ಬರ್ತಾರೆ."

"ನಾನು ಇಲ್ಲೇ ಇದ್ದೆ ಮೇಡಂ. ಕೆಳಗೆ. ಬಿಡಲಿಲ್ಲ."

"ಅದು ನಿಮ್ಮ ಮತ್ತೆ ಲಾಂಡ್ರಿ ಕಂಟ್ರಾಕ್ಟರ್ ನಡುವಿನ ವಿಷಯ. ಈ ಕಾಗದ ತಲುಪಿದೆ ಅಂತ ಇಲ್ಲೊಂದು ಸಹಿ ಹಾಕಿ. ಹೊಸ ಅರ್ಜಿ ಕೊಡಿಸ್ತೀನಿ."

ಫೈಲು ನನ್ನ ತೊಡೆಯ ಮೇಲಿಟ್ಟರು. ಪೆನ್ನು ಕೊಟ್ಟರು. ಇಂಥ ಕಡೆ ನಾನು ಯಾವತ್ತೂ ಸಹಿ ಹಾಕುತ್ತಾ ಬಂದವನು. ಎಲ್ಲಿ ಅಂದರೆ ಅಲ್ಲಿ. ಸೂಜಿ ಚುಚ್ಚಿದಾಗ ನನ್ನದೇ ತಪ್ಪು ಅನ್ನುವ ಕಾಗದಕ್ಕೂ ಹಾಕಿದ್ದೇನೆ. ಪೆನ್ನು ಫೈಲಿನ ಮೇಲಿಟ್ಟೆ.

"ಇದರಲ್ಲಿ ಸುಳ್ಳು ಬರೆದಿದೆ. ಸಹಿ ಹಾಕಲ್ಲ."

"ಸುಳ್ಳಾ?"

ಆಗ ಮಗಳು ಎದ್ದು ನಿಂತಳು. ಅವಳು ಹೇಳಿದ್ದು ಇಷ್ಟು: "ನಮ್ಮಪ್ಪ ಮೂರು ಮಂಗಳವಾರವೂ ನಿಮ್ಮ ಬಟ್ಟೆ ಒಗೀತಿದ್ರು. ಅವರನ್ನ ಮೇಲೆ ಬಿಡಲಿಲ್ಲ. ಅದನ್ನ ಬರೀರಿ."

ದೊಡ್ಡ ಮೇಡಂ ಅವಳನ್ನು ನೋಡಿದರು. ಆಮೇಲೆ, ಎಲ್ಲರೂ ಮಾಡುವ ಹಾಗೆ, ನನ್ನ ಕಡೆ ತಿರುಗಿದರು. "ಏನಂತೆ?"

ನನ್ನ ಬಾಯಿ ತೆರೆದೇಬಿಟ್ಟಿತ್ತು. ಹದಿಮೂರು ವರ್ಷದ ಅಭ್ಯಾಸ. ಮಗಳು ನನ್ನ ಕಡೆ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ದೊಡ್ಡ ಮೇಡಂ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿದೆ.

"ಏನಂದಳು ಇವಳು?" ಅವರು ಮತ್ತೆ ಕೇಳಿದರು.

"ಎದುರಿಗೇ ನಿಂತಿದಾಳಲ್ಲ ಮೇಡಂ. ಅವಳನ್ನೇ ಕೇಳಿ."

"ಅರ್ಥ ಆಗಲಿಲ್ಲ, ಅದಕ್ಕೇ..."

"ಅರ್ಥ ಮಾಡ್ಕೊಳ್ಳೋದು ನಿಮ್ಮ ಕೆಲಸ ಅಂತ ಬೋರ್ಡ್ ಹಾಕಿದೀರಿ."

ಮಗಳು ಎರಡನೇ ಸಲ ಹೇಳಿದಳು. ಅದೇ ಮಾತು. ಅವಸರ ಮಾಡಲಿಲ್ಲ. ಮೂಗಿನಲ್ಲಿ ಗಾಳಿ ಸೋರುತ್ತಿತ್ತು, ಮುಖ ಕೆಂಪಾಗಿತ್ತು, ಹೊಳ್ಳೆ ಅಗಲವಾಗಿತ್ತು. ದೊಡ್ಡ ಮೇಡಂ ಗಡಿಯಾರ ನೋಡಿದರು. ಮೂರನೇ ಸಲ ಹೇಳಿದಳು. "ಒಂದು ಪೇಪರಲ್ಲಿ ಬರೆದು ಕೊಡು ಪುಟ್ಟಾ" ಅಂದರು ಅವರು. ಮಗಳು ತಲೆಯಾಡಿಸಿದಳು. ಅಷ್ಟು ಚೀಟಿ ಬರೆದವಳು ಅವತ್ತು ಪೆನ್ನು ಮುಟ್ಟಲಿಲ್ಲ. ನಾಲ್ಕನೇ ಸಲ ಹೇಳಿದಳು.

ಸಾಲಿನ ಕೊನೆಯಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದ ಒಬ್ಬ ತಾಯಿ ಬಾಯಿಬಿಟ್ಟಳು. ಮೊದಲ ದಿನ ಮಗುವನ್ನು ಆಚೆ ತೊಡೆಗೆ ಸರಿಸಿಕೊಂಡಿದ್ದವಳು ಅವಳೇ. "ಅವರಪ್ಪ ಬಟ್ಟೆ ಒಗೀತಿದ್ರಂತೆ, ಬಿಡಲಿಲ್ಲವಂತೆ. ನನಗೇ ಅರ್ಥ ಆಯ್ತಲ್ಲ ಮೇಡಂ, ನಿಮಗೆ ಯಾಕೆ ಆಗ್ತಿಲ್ಲ?"

ಸೂಪರ್‌ವೈಸರ್ ಅಷ್ಟರಲ್ಲಿ ಏದುಸಿರು ಬಿಡುತ್ತಾ ಬಂದಿದ್ದ. ನನಗೆ ಹೇಳಲು ಬಂದವನಲ್ಲ, ನನ್ನನ್ನು ಕೇಳಲು. "ಕೆಳಗೆ ಮಷಿನ್ ಶುರು ಮಾಡ್ತಿಲ್ಲ. ಮೇಲಿಂದ ಫೋನ್ ಮೇಲೆ ಫೋನ್. ನೀನು ಏನು ಹೇಳಿ ಬಂದೆ ಅವರಿಗೆ?"

ನಾನೇನೂ ಹೇಳಿರಲಿಲ್ಲ. ಆಮೇಲೆ ಗೊತ್ತಾಯಿತು. ಅವನು ಎಷ್ಟು ಕಿರುಚಿದರೂ ಬಾಯ್ಲರ್ ಸ್ವಿಚ್ಚು ಹಾಕಲಿಲ್ಲ. "ಕೆಟ್ಟಿದೆ" ಅಂದನಂತೆ. "ಯಾವುದು?" "ಎಲ್ಲಾ." ಇಸ್ತ್ರಿ ಅಕ್ಕ ಎರಡು ಗಂಟು ಬೇರೆ ತೆಗೆದು ಇಟ್ಟಿದ್ದಳು. "ತುರ್ತು ಆಪರೇಷನ್ನಿಗೆ ಬೇಕಾದ್ದು ಇದು, ತಗೊಂಡು ಹೋಗಿ. ಯಾರ ಜೀವಕ್ಕೂ ತೊಂದರೆ ಮಾಡೋರಲ್ಲ ನಾವು. ಮಿಕ್ಕಿದ್ದು ಹುಡುಗಿ ಕೆಳಗೆ ಬಂದ ಮೇಲೆ." ಹನ್ನೆರಡು ಗಂಟೆಗೆ ವಾರ್ಡುಗಳಲ್ಲಿ ಹಾಸಲು ಬೆಡ್‌ಶೀಟಿರಲಿಲ್ಲ. ಹಿಂದಿನ ದಿನದ್ದೇ ಕೊಡವಿ ಹಾಸಿದರಂತೆ. ಮೇಲಿನವರು ಕೊಡವಿದ್ದು ಅದೇ ಮೊದಲು.

ದೊಡ್ಡ ಮೇಡಂ ಒಳಗೆ ಹೋಗಿ ಯಾರಿಗೋ ಫೋನು ಮಾಡಿದರು. ನಾವು ಕೂತೇ ಇದ್ದೆವು. ಪಕ್ಕದ ಕೋಣೆಯಿಂದ ನಮ್ಮ ಮಾತಿನ ಮೇಡಂ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ಮಗಳ ಮುಂದೆ ಮೊಣಕಾಲೂರಿ ಕೂತು, ಫೈಲು ತೆರೆದು, "ಇನ್ನೊಂದು ಸಲ ಹೇಳು, ಬರೀತೀನಿ" ಅಂದರು.

ಅವಳು ಐದನೇ ಸಲ ಹೇಳಿದಳು. ಅವರು ಒಂದಕ್ಷರ ಬಿಡದೆ ಬರೆದರು. ಕೆಳಗೆ ತಮ್ಮ ಸಹಿ ಹಾಕಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಆಸಕ್ತಿ ಇಲ್ಲ ಅಂತ ಬರೆದಿದ್ದೂ ನನ್ನ ಕೈಯೇ. ಹಾಗೇ ಬರೀಬೇಕು ಅಂತಾರೆ. ನಾನು ಬರೆದೆ."

"ಇನ್ನೆಷ್ಟು ಮಕ್ಕಳಿಗೆ ಹೀಗೆ ಬರೆದಿದೀರಿ?" ಮಗಳು ಕೇಳಿದಳು.

ಅವರು ಎದ್ದು ಒಳಗೆ ಹೋದರು. ಕಪಾಟು ತೆಗೆದ ಸದ್ದು. ಬಂದು ಬಾಗಿಲಲ್ಲೇ ನಿಂತರು. "ಹೆಸರು ಹೇಳೋ ಹಾಗಿಲ್ಲ. ಈ ವರ್ಷ ಹನ್ನೊಂದು. ಅದರಲ್ಲಿ ಐದು ಜನ ಇದೇ ಆಸ್ಪತ್ರೆಯವರ ಮಕ್ಕಳು. ಗುಡಿಸೋರು, ಅಡುಗೆಮನೆಯೋರು, ಆಂಬುಲೆನ್ಸ್ ತೊಳೆಯೋರು."

ಐದು. ಯಾರಿಗೂ ಆಸಕ್ತಿ ಇರಲಿಲ್ಲ. ಒಂದೇ ಕಟ್ಟಡದಲ್ಲಿ.

ಒಂದು ಗಂಟೆಯ ಹೊತ್ತಿಗೆ ಆಡಳಿತದವರು ಒಬ್ಬರು ಬಂದರು. ಅವರಿಗೆ ಬೇಕಿದ್ದು ಬೆಡ್‌ಶೀಟು. ನಮ್ಮ ವಿಷಯ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಮಧ್ಯಾಹ್ನ ಎರಡೂವರೆಗೆ ಟೈಮ್ ಕೊಡಿ, ಶಿಫ್ಟ್ ಮುಗಿದ ಮೇಲೆ ಬರಲಿ, ಆ ಮಿಕ್ಕ ಮಕ್ಕಳೂ ಬರಲಿ. ಇಷ್ಟಕ್ಕೆ ಯಾಕೆ ಇಷ್ಟು?" ಅಂದರು. ನಾವು ಮೊದಲ ದಿನದಿಂದ ಕೇಳಬಹುದಾಗಿದ್ದ ಮಾತು ಇಷ್ಟೇ. ಕೇಳಿದ್ದರೆ ಕೊಡುತ್ತಿರಲಿಲ್ಲ. ಅದೂ ಗೊತ್ತು.

"ಬರೆದು ಕೊಡಿ" ಅಂದಳು ಮಗಳು. ಅವರಿಗೆ ಮೊದಲನೇ ಸಲವೇ ಅರ್ಥವಾಯಿತು.

ಸಂಜೆ ಹೆಂಡತಿ ಫ್ಯಾಕ್ಟರಿಯಿಂದ ಬಂದು ಎಲ್ಲ ಕೇಳಿದಳು. ಅವಳ ಮೊದಲ ಪ್ರಶ್ನೆ: "ಕುರ್ಚೀಲಿ ಕೂತ್ರಾ?"

"ಕೂತೆ."

"ಎಷ್ಟು ಹೊತ್ತು?"

"ಎರಡೂವರೆ ಗಂಟೆ."

"ಆ ಒದ್ದೆ ಪ್ಯಾಂಟಲ್ಲೇ?"

"ಅದರಲ್ಲೇ."

ಅವಳು ಗೋಡೆಗೊರಗಿ ನಕ್ಕಳು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು, "ಕೆಲಸ ಹೋಗುತ್ತಾ?"

"ಹೋಗಬಹುದು."

"ಹೋಗ್ಲಿ ಬಿಡಿ" ಅಂದಳು. ಅಂದಷ್ಟು ಸುಲಭವಾಗಿರಲಿಲ್ಲ ಅವಳ ಮುಖ.

ಮೂರನೇ ದಿನ ಕಂಟ್ರಾಕ್ಟರ್ ಆಫೀಸಿಗೆ ಕರೆದರು. ಮೇಜಿನಾಚೆ ಮೂವರು. ತಪ್ಪಾಯಿತು ಅಂತ ಬರೆದ ಕಾಗದ ತಯಾರಿತ್ತು. ಸಹಿ ಹಾಕಿದರೆ ಲಾಂಡ್ರಿಯಲ್ಲೇ ಇರಬಹುದು.

"ಏನು ತಪ್ಪು?" ಅಂತ ಕೇಳಿದೆ.

"ಕೆಲಸದ ಹೊತ್ತಲ್ಲಿ ಜಾಗ ಬಿಟ್ಟು ಹೋದದ್ದು."

"ಅದು ನನ್ನ ಊಟದ ಹೊತ್ತು."

"ಮೂರು ಗಂಟೆ ಊಟ ಮಾಡ್ತೀಯಾ?"

"ಏಳು ಮಂಗಳವಾರದ ಊಟ ಬಾಕಿ ಇತ್ತು."

ಅವರಿಗೆ ನಗು ಬರಲಿಲ್ಲ. ನಾನೂ ನಗಿಸಲು ಹೇಳಿದ್ದಲ್ಲ. ಸಹಿ ಹಾಕದೆ ಎದ್ದುಬಂದೆ. ಪೂರ್ತಿ ಕಿತ್ತುಹಾಕಲು ಅವರಿಗೆ ಧೈರ್ಯ ಸಾಲಲಿಲ್ಲ, ಕೆಳಗೆ ಮತ್ತೆ ಮಷಿನ್ನು ಕೆಟ್ಟೀತು ಅಂತ. ಊರಿನ ಆಚೆ ತುದಿಯ ಒಂದು ಹೋಟೆಲಿನಲ್ಲಿ ಅವರೇ ನಡೆಸುವ ಲಾಂಡ್ರಿಗೆ ಹಾಕಿದರು. ಅಲ್ಲಿ ಸೂಜಿ ಇಲ್ಲ. ವೈನಿನ ಕಲೆ ಇದೆ. ಶಿಫ್ಟು ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಅಲ್ಲಿಂದ ಆಸ್ಪತ್ರೆಗೆ ಎರಡು ಬಸ್ಸು. ಮಂಗಳವಾರ ಎರಡೂವರೆಗೆ ನಾನು ಹೋಗಲಾರೆ ಅಂತ ಲೆಕ್ಕ ಹಾಕಿಯೇ ಹಾಕಿದ್ದರು.

ಮಾತಿನ ಮೇಡಂಗೂ ಒಂದು ನೋಟೀಸು ಬಂತು. ಅವರು ಇನ್ನೂ ಅಲ್ಲೇ ಇದ್ದಾರೆ. ಹೋದ ತಿಂಗಳು ಸರ್ಜನ್ನಿಗೆ ಕಾಗದ ಬರೆದರು. ಮಗಳ ಹೆಸರು ಎರಡನೇ ಆಪರೇಷನ್ನಿನ ಪಟ್ಟಿಯಲ್ಲಿದೆ. ಹದಿನಾಲ್ಕು ತುಂಬುವುದಕ್ಕೆ ಐದು ವಾರ ಮೊದಲಿನ ತಾರೀಖು. ಅದಾದ ಮೇಲೆ ಮಾತು ಪೂರ್ತಿ ಸರಿಹೋಗುತ್ತದೆ ಅಂತ ಯಾರೂ ಹೇಳಿಲ್ಲ. ಮನೆಯಲ್ಲಿ ನಾನಿನ್ನೂ ಅಮ್ಮನೇ. ಇರಲಿ. ಅಂಗಡಿಯಲ್ಲಿ ಮಾತ್ರ ಈಗ ನಾನು ಬಾಯಿ ತೆರೆಯುವುದಿಲ್ಲ. ಅಂಗಡಿಯವನು ನನ್ನ ಮುಖ ನೋಡಿದರೆ ನಾನು ಬಾಳೆಗೊನೆ ನೋಡುತ್ತೇನೆ.

ಮಂಗಳವಾರ ಎರಡೂವರೆಗೆ ಈಗ ಆರು ಮಕ್ಕಳು ಬರುತ್ತಾರೆ. ನಾನು ಹೋಗಲಾಗದ ಮೊದಲ ಮಂಗಳವಾರ ಏನು ಮಾಡುವುದು ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು. ಮಗಳು ಯಾರಿಗೆ ಹೇಳಿದ್ದಳೋ, ಶಿಫ್ಟು ಮುಗಿಸಿ ಇಸ್ತ್ರಿ ಅಕ್ಕ ಬಂದಳಂತೆ. ಬೆವರಿದ ಯೂನಿಫಾರ್ಮಿನಲ್ಲೇ. ರಿಸೆಪ್ಷನ್ನಿನ ಹುಡುಗಿ ರಿಜಿಸ್ಟರು ತೆಗೆದು, ಪೋಷಕರ ಕಾಲಮ್ಮಿನಲ್ಲಿ ಪೆನ್ನು ಇಟ್ಟುಕೊಂಡು ಕೇಳಿದಳಂತೆ:

"ಇವಳು ನಿಮಗೇನಾಗಬೇಕು?"

ಇಸ್ತ್ರಿ ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಅಂದಳಂತೆ:

"ನನಗೇನೂ ಆಗಬೇಕಿಲ್ಲ. ಅವಳು ಒಳಗೆ ಹೋಗಬೇಕು, ಅಷ್ಟೇ. ಅದನ್ನೇ ಬರ್ಕೋ."

ಬರೆದುಕೊಂಡಳಂತೆ.